ಬಲಗೆನ್ನೆಗೆ ಸೋಮವಾರ, ಎಡಗೆನ್ನೆಗೆ ಮಂಗಳವಾರ

ಎಲ್ಲಾ ಅನಾಹುತಕ್ಕೂ ಮೂಲ ಶನಿವಾರ ನ್ಯೂಜಿಲೆಂಡಿನ ನ್ಯೂ ಲಿನ್‌ನ ಒಂದು ಸಲೂನಿನಲ್ಲಿ ನಡೆದ ‘ಮೈಂಡ್‌ಫುಲ್ ಶೇವಿಂಗ್’ ಶಿಬಿರ. ಜುಟ್ಟು ಕಟ್ಟಿದ ಗುರುವೊಬ್ಬ ಕಣ್ಣು ಮುಚ್ಚಿ, "ಕತ್ತಿಯೇ ಗುರು, ಕೆನ್ನೆಯೇ ಆಶ್ರಮ. ಒಂದೊಂದು ಕೂದಲಿಗೂ ಹೆಸರಿಟ್ಟು ವಿದಾಯ ಹೇಳಿ" ಎಂದಿದ್ದ. ಗದಗಿನ ಸಲೂನಿನಲ್ಲಿ ಇದೇ ಕತ್ತಿ ರಾಜಕೀಯ ಹರಟುತ್ತಾ ನಾಲ್ಕು ನಿಮಿಷಕ್ಕೊಂದು ಮುಖ ಮುಗಿಸುವುದನ್ನು ಕಂಡೇ ಬೆಳೆದವನು ನಂದೀಶ. ಆದರೂ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಜ್ಞಾನೋದಯವಾಯಿತು. ಹಳೆಯ ಟ್ರಿಮ್ಮರನ್ನು ಪಕ್ಕದ ಮನೆಯ ಲಿಂಗರಾಜನಿಗೆ ದಾಟಿಸಿ, ಕ್ಷೌರದ ಕತ್ತಿ, ಅದನ್ನು ಮಸೆಯುವ ತೊಗಲಿನ ಪಟ್ಟಿ, ಶ್ರೀಗಂಧದ ಸೋಪು ಹಿಡಿದು ಮೌಂಟ್ ರಾಸ್ಕಿಲ್‌ನ ಮನೆಗೆ ಬಂದ.

ಮಂಗಳವಾರ ಹತ್ತು ಗಂಟೆಗೆ ಟೀಮ್ ಲೀಡರ್ ಹುದ್ದೆಯ ಇಂಟರ್‌ವ್ಯೂ. ಮ್ಯಾನೇಜರ್ ಗ್ರೇಮ್‌ಗೆ ಮೈಂಡ್‌ಫುಲ್‌ನೆಸ್ ಹುಚ್ಚು. ಮೀಟಿಂಗ್ ಶುರುವಾಗುವ ಮೊದಲು ಗಂಟೆ ಬಾರಿಸಿ ಎಲ್ಲರನ್ನೂ ಉಸಿರಾಡಿಸುವ ಆಸಾಮಿ. ಅವನ ಮುಂದೆ ಆರು ತಿಂಗಳ ಗಡ್ಡ ಇಳಿಸಿ, ‘ಧ್ಯಾನದಲ್ಲೇ ಬೋಳಿಸಿದೆ’ ಅಂದರೆ ಹುದ್ದೆ ಗ್ಯಾರಂಟಿ ಎಂಬುದು ನಂದೀಶನ ಲೆಕ್ಕ.

ಅಂದು ಬೆಳಿಗ್ಗೆ ಏಳಕ್ಕೆ ಬಾತ್‌ರೂಮಿನಲ್ಲಿ ಸರ್ ಸರ್ ಎಂದು ಕತ್ತಿ ಮಸೆಯುವ ಸದ್ದು. ಬ್ರಷ್‌ನಲ್ಲಿ ನೊರೆ ಎಬ್ಬಿಸುತ್ತಿದ್ದಂತೆ ಹೆಂಡತಿ ಸ್ನೇಹಲ್ ಮೂಗು ಮುಚ್ಚಿಕೊಂಡಳು.

"ರೀ, ಆ ಸೋಪಿನ ವಾಸನಿಗೆ ವಾಂತಿ ಬರಾಕತ್ತೈತಿ!"

"ನಿನ್ನೆ ಒಗ್ಗರಣಿ ಅಂದಿ, ಇವತ್ತ ಗಂಧ ಅಂತಿ. ನಿನ್ನ ಮೂಗಿಗೂ ಒಂದು ಶಿಬಿರ ಬೇಕ ನೋಡ."

ಅವಳು ಓಡಿದಳು. ಅದೇ ಬಾಗಿಲಲ್ಲಿ ಅತ್ತೆ ರತ್ನವ್ವನವರ ಎಂಟ್ರಿ. ಹಿನ್ನೆಲೆ ಸಂಗೀತವೊಂದೇ ಬಾಕಿ.

"ಅಳಿಯಂದ್ರ! ಮಂಗಳವಾರ ಗಡ್ಡಕ್ಕ ಕತ್ತಿ ಹಚ್ಚತೀರೇನು?"

ನಂದೀಶ ಕತ್ತಿಯನ್ನು ಬೆಳಕಿಗೆ ಹಿಡಿದ. "ಕತ್ತಿ ನಂದು, ಕೆನ್ನಿ ನಂದು. ನಡುವ ವಾರಕ್ಕೇನ ಕೆಲಸ ಅತ್ತಿ?"

ರತ್ನವ್ವ ಸೊಂಟಕ್ಕೆ ಕೈಯಿಟ್ಟರು. ಡೈಲಾಗ್ ಅಲ್ಲೇ ಪ್ರಾಣ ಬಿಟ್ಟಿತು. ನಂದೀಶ ವಕೀಲನಾದ.

"ಅಲ್ರೀ ಅತ್ತಿ, ನಿಮ್ಮ ಫೋನ್ ನೋಡ್ರಿ. ಗದಗಿನಾಗ ಇನ್ನೂ ಸೋಮವಾರ ರಾತ್ರಿ ಐತಿ. ಶಾಸ್ತ್ರ ಅಲ್ಲೀದು ಅಂದಮ್ಯಾಲೆ ಟೈಮೂ ಅಲ್ಲೀದ ಅಲ್ಲೇನ್ರಿ?"

ಧಾರಾವಾಹಿ ತಪ್ಪೀತೆಂದು ಫೋನಿನ ಗಡಿಯಾರವನ್ನು ಎಂದೂ ಬದಲಿಸದ ರತ್ನವ್ವ ನೋಡಿದರು. ಹನ್ನೊಂದೂವರೆ.

"ಹೌದ ಬಿಡ್ರಿ. ಅರ್ಧ ತಾಸು ಐತಿ. ಹನ್ನೆರಡಕ್ಕ ಕತ್ತಿ ಕೆಳಗ!"

ಅರ್ಧ ತಾಸು ಧಾರಾಳವಾಗಿತ್ತು, ಗುರುವಿನ ಮಾತು ನೆನಪಾಗದಿದ್ದರೆ. ಚರ್ಮ ಎಳೆ, ಕತ್ತಿ ಓರೆ ಹಿಡಿ, ಉಸಿರು ಒಳಗೆ, ಉಸಿರು ಹೊರಗೆ. ಬಲಗೆನ್ನೆಯ ಮೊದಲ ಇಂಚಿಗೇ ಐದು ನಿಮಿಷ. ಅಷ್ಟರಲ್ಲಿ ಲಿಂಗರಾಜ ಹಾಜರು. ಅವನ ಗಡ್ಡ ಎದೆಗಿಳಿದಿತ್ತು. ಹೆಂಡತಿ ವಿಜಯಾಗೆ ಏಳು ತಿಂಗಳು. ಬಸುರಿಯ ಗಂಡ ಹೆರಿಗೆಯಾಗುವತನಕ ಕ್ಷೌರ ಮಾಡಿಕೊಳ್ಳಬಾರದೆಂದು ಇದೇ ರತ್ನವ್ವ ಅವನಿಗೂ ಕಟ್ಟಪ್ಪಣೆ ಮಾಡಿದ್ದರು. ಸಕ್ಕರೆ ಕಾಯಿಲೆಯವನು ಮಿಠಾಯಿ ಅಂಗಡಿ ನೋಡುವಂತೆ ಟಬ್ಬಿನ ಅಂಚಿನಲ್ಲಿ ಕುಳಿತು ನೋಡಿದ.

"ಲೇ ನಂದ್ಯಾ, ಗಡ್ಡ ತಗೀತಿಯೋ, ಗಡ್ಡಕ್ಕ ಜೋಗುಳ ಹಾಡತಿಯೋ?"

"ಮಾತಾಡಬ್ಯಾಡ. ನಾ ಈ ಕ್ಷಣದಾಗ ಅದೇನಿ."

ಬಲಗೆನ್ನೆ ಮುಗಿದು, ಅರ್ಧ ಮೀಸೆ ಹೋಗಿ, ಕತ್ತಿ ಮೂಗಿನ ಕೆಳಗೆ ಬಂದಾಗ ರತ್ನವ್ವನವರ ಕೈ ಬಂತು. "ಟೈಮ್ ಆತು. ಮಂಗಳವಾರ!" ಕತ್ತಿ ಅಡುಗೆಮನೆಗೆ ಹೋಯಿತು.

"ಲಿಂಗ್ಯಾ, ನನ್ನ ಟ್ರಿಮ್ಮರ್ ಕೊಡೋ!"

"ನನಗೇನ ಉಪಯೋಗ ಅಂತ ಹಳೇ ಸಾಮಾನು ಮಾರೋ ಆಪ್ ಶಾಪಿಗೆ ದಾನ ಮಾಡಿದ್ನಲ್ಲೋ."

ದಾರಿಯಲ್ಲಿ, ಇಲ್ಲಿಯವರು ಡೇರಿ ಎನ್ನುವ ಕಿರಾಣಿ ಅಂಗಡಿಯಲ್ಲಿ ರೇಜರ್ ಕೊಳ್ಳೋಣವೆಂದರೆ, ರತ್ನವ್ವ ಸ್ನೇಹಲ್‌ಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿಯೇ ಹೊಸ್ತಿಲು ದಾಟಿಸಿದ್ದರು. ಬಸ್ಸಿನಲ್ಲಿ ಅವನ ಬಲಕ್ಕಿದ್ದವರಿಗೆ ಮದುಮಗ ಕಂಡ, ಎಡಕ್ಕಿದ್ದವರಿಗೆ ಸನ್ಯಾಸಿ.

ಗ್ರೇಮ್ ಗಂಟೆ ಬಾರಿಸುವುದನ್ನೇ ಮರೆತ. "ಇದೇನು ನಂದೀಶ್?"

ಬಾಯಿಗೆ ಬಂದದ್ದನ್ನು ನಂದೀಶ ಹೇಳಿದ: "ವರ್ಕ್-ಲೈಫ್ ಬ್ಯಾಲೆನ್ಸ್. ಬಲಗಡೆ ಆಫೀಸು, ಎಡಗಡೆ ಮನೆ. ಎರಡನ್ನೂ ಒಂದೇ ಮುಖದಲ್ಲಿ ಹೊತ್ತಿದ್ದೇನೆ."

ಗ್ರೇಮ್‌ನ ಕಣ್ಣು ತುಂಬಿತು. "ಅದ್ಭುತ! ಹುದ್ದೆ ನಿನ್ನದೇ. ಒಂದೇ ಷರತ್ತು. ಗುರುವಾರ ವೆಲ್ಲಿಂಗ್ಟನ್‌ನಿಂದ ಕ್ಲೈಂಟ್ ಬರುತ್ತಾರೆ, ಅವರಿಗೆ ಇಷ್ಟೊಂದು ತತ್ವ ಅರಗೋದಿಲ್ಲ. ಅವತ್ತು ಎರಡೂ ಕೆನ್ನೆ ಒಂದೇ ಥರ ಇರಬೇಕು. ಇಲ್ಲದಿದ್ದರೆ ಇನ್ನೊಬ್ಬ ಅಭ್ಯರ್ಥಿ ಮಯೂರ್‌ಗೆ ಕೊಡಬೇಕಾಗುತ್ತೆ."

ಅಷ್ಟೇನಾ! ನಾಳೆ ಬುಧವಾರ, ಗದಗಿನಲ್ಲೂ ಬುಧವಾರ ಆಗಲೇಬೇಕು. ನಂದೀಶ ಇಂಟರ್ವಲ್ಲಿಗೆ ಮುಂಚೆಯೇ ಗೆದ್ದ ಹೀರೋನಂತೆ ಮನೆಗೆ ಬಂದ. ಬಾಗಿಲಲ್ಲೇ ರತ್ನವ್ವ ಅವನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದರು. ಲಿಂಗರಾಜ ತಬ್ಬಿಕೊಂಡ.

"ನಿಮಗ ಹೆಂಗ ಗೊತ್ತಾತು?" ಎಂದ ನಂದೀಶ.

"ನಮಗ ಗೊತ್ತಾಗದಂಗ ಇರತೈತೇನು? ಮಧ್ಯಾಹ್ನ ಸ್ನೇಹಲ್ ಡಾಕ್ಟರ್ ಕಡೆ ಹೋಗಿ ಬಂದಳು. ನೀವು ಅಪ್ಪ ಆಗಾಕತ್ತೀರಿ!"

ಸ್ನೇಹಲ್ ನಾಚಿ ನಕ್ಕಳು. ನಂದೀಶ ಸಂತೋಷದಲ್ಲಿ ಹೆಂಡತಿಯ ಕೈ ಹಿಡಿದ. ಆಮೇಲೆ ಲಿಂಗರಾಜನ ಗಡ್ಡ ಕಣ್ಣಿಗೆ ಬಿತ್ತು. ಬಾಯಲ್ಲಿದ್ದ ಸಕ್ಕರೆ ಉಪ್ಪಾಯಿತು.

"ಅತ್ತಿ... ಗದಗಿನ ಟೈಮಿನ ಪ್ರಕಾರ ಇನ್ನೂ ಮುಂಜಾನೆ. ಅಲ್ಲಿ ಈ ಸುದ್ದಿ ಇನ್ನೂ ಹುಟ್ಟೇ ಇಲ್ಲಲ್ಲ? ಏಳೂವರಿ ತಾಸು ಐತಿ..."

"ಕೂಸು ಗದಗಿನಾಗಿಲ್ಲ ಅಳಿಯಂದ್ರ, ಇಲ್ಲೇ ಐತಿ. ಅದಕ್ಕ ನ್ಯೂಜಿಲೆಂಡ್ ಟೈಮು!"

"ಹೆರಿಗಿ ಆಗೂತನಕ ಲೇ," ಎಂದು ಲಿಂಗರಾಜ ಅವನ ಎಡಗೆನ್ನೆಯನ್ನು ಪ್ರೀತಿಯಿಂದ ಸವರಿದ.

ಅಡುಗೆಮನೆಯಲ್ಲಿ ರತ್ನವ್ವ ಬಸುರಿ ಮಗಳಿಗಾಗಿ ಮಾವಿನಕಾಯಿ ಹೆಚ್ಚುತ್ತಿದ್ದರು. ಕೈಯಲ್ಲಿ, ಬಿಸಿನೀರಲ್ಲಿ ತೊಳೆದು ಫಳಫಳಿಸುತ್ತಿದ್ದ ಕ್ಷೌರದ ಕತ್ತಿ. ಕಾಗದದಷ್ಟು ತೆಳ್ಳಗಿನ ಹೋಳನ್ನು ಬೆಳಕಿಗೆ ಹಿಡಿದು ಅವರು ಅಂದರು:

"ನಿಮ್ಮ ಗುರುಗಳು ಹೇಳಿದ್ದು ಖರೇ ಐತಿ ನೋಡ್ರಿ. ಮನಸ್ಸಿಟ್ಟು ಹಿಡದರ ಭಾಳ ಛಲೋ ಕತ್ತಿ!"