ತಂಗಿಗೊಂದು ಹಸಿ ಕಾರ್ಡು

ಶಾಯಿ ಒಣಗುವವರೆಗೆ ಸುಮ್ಮನೆ ಕೂರುವುದು ಎಲ್ಲರಿಂದಾಗುವ ಕೆಲಸವಲ್ಲ. ನನ್ನಿಂದಂತೂ ಆಗದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಈಗಲೂ ಐದೂವರೆಗೆ ಎದ್ದು ನನ್ನ ಹಾಸಿಗೆ ಮಡಚಿ, ಆರಕ್ಕೆ ಮನೆಯವರ ಹಾಸಿಗೆಗಳನ್ನೂ, ಅವರು ಇನ್ನೂ ಅವುಗಳ ಮೇಲಿದ್ದರೂ, ಮಡಚಲು ಹೊರಡುತ್ತೇನೆ. ಹಿರಿಯೂರಿನ ನಮ್ಮ ಮನೆಯ ಅಡುಗೆ ಡಬ್ಬಿಗಳನ್ನು ನಾನು ಮೂರನೆಯ ಸಲ ಎತ್ತರದ ಪ್ರಕಾರ ಜೋಡಿಸಿದ ದಿನ ಸೊಸೆ ಕವಿತಾ ಒಂದು ಪೆಟ್ಟಿಗೆ ತಂದು ಮುಂದಿಟ್ಟಳು. ಅದರಲ್ಲಿ ಬಣ್ಣದ ಇಂಕ್ ಪ್ಯಾಡು, ಸ್ಪಂಜು, ರಬ್ಬರ್ ಅಚ್ಚುಗಳು. “ಅತ್ತೆ, ಗ್ರೀಟಿಂಗ್ ಕಾರ್ಡ್ ಮಾಡ್ರಿ. ಒಂದ್ ಕಡೆ ಕುಂತಂಗೂ ಆಗ್ತೈತೆ,” ಎಂದಳು. ಅಡುಗೆಮನೆಯ ನೆಮ್ಮದಿಗಾಗಿ ಬಂದ ಪೆಟ್ಟಿಗೆ ಎಂದು ತಿಳಿದೂ ತೆಗೆದುಕೊಂಡೆ, ಏಕೆಂದರೆ ಕಾರ್ಡು ಯಾರಿಗೆಂಬುದು ಆಗಲೇ ಮನಸ್ಸಿನಲ್ಲಿತ್ತು.

ಧರ್ಮಪುರದಲ್ಲಿರುವ ತಂಗಿ ಸರೋಜ ಒಂದು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಅವಳ ಕಾಲು ಮುರಿದಾಗ ನೋಡಿಕೊಳ್ಳಲು ಹೋಗಿದ್ದೆ. ನೋಡಿಕೊಂಡೆ ಕೂಡ: ಗಂಟೆ ಹೊಡೆದಂತೆ ಗಂಜಿ, ದಿನಕ್ಕೆರಡು ಸಲ ಹೊದಿಕೆ ಬದಲಾವಣೆ, ನೆರೆಯವರಿಗೆ ನಾಲ್ಕರಿಂದ ಐದು ಮಾತ್ರ ಪ್ರವೇಶ. ಏಳನೆಯ ದಿನ ಅವಳು, “ಅಕ್ಕಾ, ನೀನು ಊರಿಗೆ ಹೋಗು. ನಂಗೆ ಹುಷಾರಾಗ್ಬೇಕು,” ಎಂದಳು. ಚೀಲ ಎತ್ತಿಕೊಂಡು ಬಂದ ನಾನು ಫೋನು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಗುರುವಾರ ಅವಳಿಗೆ ಅರವತ್ತು ತುಂಬುತ್ತಿತ್ತು. ಈಗಲೂ ಹೋಗದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು.

ಗುಲಾಬಿಯೊಳಕ್ಕೆ ನೀಲಿಯನ್ನು ಸ್ಪಂಜಿನಿಂದ ಮೆಲ್ಲಗೆ ಬೆರೆಸಿದರೆ ಸಂಜೆಯ ಆಕಾಶ ಬರುತ್ತದಂತೆ. ಗುರುವಾರ ಬೆಳಗ್ಗೆ ಕೂತು ನಾನು ಗಾಯ ಒರೆಸುವಂತೆ ಒತ್ತಿ ಒರೆಸಿದ್ದಕ್ಕೆ, ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧಿಯ ಬಣ್ಣವೇ ಬಂತು. ಗುಬ್ಬಚ್ಚಿಯ ಅಚ್ಚಾದರೂ ಮಾನ ಉಳಿಸೀತು ಎಂದುಕೊಂಡೆ. ಆದರೆ ಹಿಂದಿನ ದಿನ ಅದನ್ನು ಬಳಸಿ ನೋಡಿದ ಮೇಲೆ, ಸಿರಿಂಜು ಕುದಿಸಿ ರೂಢಿಯಾದ ಕೈ ಆ ಅಚ್ಚನ್ನೂ ಇಪ್ಪತ್ತು ನಿಮಿಷ ಕುದಿಸಿಬಿಟ್ಟಿತ್ತು. ಗುಬ್ಬಚ್ಚಿ ಶುದ್ಧವಾಗಿತ್ತು, ಊದಿಕೊಂಡೂ ಇತ್ತು. “ಅಲ್ಲ ಅತ್ತೆ, ಅಚ್ಚಿಗೇನು ರೋಗ ಬಂದಿತ್ತಾ?” ಎಂದು ಕವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದು ಮಾಡಲು ಹೊತ್ತಿರಲಿಲ್ಲ. ಹೊಳಪಿನ ಕಾಗದದ ಮೇಲೆ ಶಾಯಿ ಒಣಗಲು ಗಂಟೆಗಟ್ಟಲೆ ಬೇಕು, ಬಸ್ಸು ಒಂಬತ್ತಕ್ಕೆ. ಎರಡು ಬೆರಳಲ್ಲಿ ಕಾರ್ಡು ಹಿಡಿದು ದಾರಿಯುದ್ದಕ್ಕೂ ಊದುತ್ತ ಹೋದೆ. “ಏನಮ್ಮಾ, ಬಿಸಿ ದೋಸೆನಾ?” ಎಂದ ಕಂಡಕ್ಟರು.

ಸರೋಜ ಬಾಗಿಲು ತೆರೆದವಳು ನನ್ನನ್ನು ನೋಡಲಿಲ್ಲ, ಕಾರ್ಡು ನೋಡಿದಳು.

“ಇದ್ಯಾವ ಕೋಳಿ?”

“ಗುಬ್ಬಚ್ಚಿ.”

“ಏನ್ ತಿನ್ನಿಸಿದ್ದೀಯೇ ಅದಕ್ಕೆ?” ಎಂದವಳು ಬಾಗಿಲಿಗೆ ಒರಗಿಕೊಂಡು ನಗತೊಡಗಿದಳು. ಕಾರ್ಡನ್ನು ಟಿವಿಯ ಪಕ್ಕ ನಿಲ್ಲಿಸಿ, “ಇನ್ನೂ ಹಸಿ ಐತೆ. ಒಣಗೋ ತನಕ ಕುಂತ್ಕ. ಯಾವುದನ್ನೂ ಮುಟ್ಟಬ್ಯಾಡ ಮತ್ತೆ!” ಎಂದಳು.

ಕುಳಿತೆ. ಎದುರಿನ ಗೂಡಿನಲ್ಲಿ ಬಿಪಿ ಮಾತ್ರೆ, ಬಾಚಣಿಗೆ, ಊದುಬತ್ತಿ ಒಟ್ಟಿಗೇ ಬಿದ್ದಿದ್ದವು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ. ಮುದ್ದೆ ಉಂಡ ಮೇಲೆ ಅವಳು ಕಾರ್ಡು ಮುಟ್ಟಿ, “ಇನ್ನೂ ಹಸಿ,” ಎಂದಳು. ಮೂರರ ಬಸ್ಸು ಹೋಯಿತು. ಟೀ ಕುಡಿದ ಮೇಲೂ, “ಹಸಿ,” ಎಂದಳು. ಅವಳು ಒಳಗೆ ಹೋದಾಗ ತಡೆಯಲಾರದೆ ನಾನೇ ಬೆರಳಿಟ್ಟು ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ.

“ಅಕ್ಕಾ, ಒಣಗೈತೇನು ನೋಡು,” ಎಂದಳು ಒಳಗಿನಿಂದ.

ರೋಗಿಯ ಜ್ವರವನ್ನು ಅರ್ಧ ಡಿಗ್ರಿ ಹೆಚ್ಚುಕಮ್ಮಿ ಬರೆದವಳಲ್ಲ ನಾನು.

“ಎಲ್ಲಿ ಒಣಗೈತೆ?” ಎಂದೆ. “ಬೆಳಗಿನ ತನಕ ಬೇಕಾಗ್ತೈತೆ ಕಣೇ.”