ಗ್ಲೆನಿಸ್ ಅವರ ಹಸಿರು ಕುರ್ಚಿಯ ವಾಸ್ತವ್ಯ

ಟೂಲಿಗನ್ ಕೊಲ್ಲಿಯ ಕರಾವಳಿಯಲ್ಲಿ ಖಾಲಿ ಕುರ್ಚಿಯನ್ನು ಖಾಲಿಯೆಂದು ಯಾರೂ ಭಾವಿಸುವುದಿಲ್ಲ. ವಾಹನದ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಎಳೆದುಕೊಂಡು ಬಂದವರು ತಮಗೆ ಬೇಕಾದ ಜಾಗದಲ್ಲಿ ಒಂದು ಮಡಿಸುವ ಕುರ್ಚಿಯನ್ನು ಬಿಡಿಸಿಟ್ಟು, ನೀರು ತರುವುದಕ್ಕೋ ಮೀನು ಹಿಡಿಯುವುದಕ್ಕೋ ಹೋದರೆ, ಹಿಂದಿರುಗುವವರೆಗೆ ಆ ಜಾಗ ಅವರದು. ಅನ್ಯರ ಕುರ್ಚಿಯನ್ನು ಸರಿಸಿದವನ ಹೆಸರು ಮುಂದಿನ ಪೆಟ್ರೋಲ್ ಬಂಕನ್ನು ಅವನಿಗಿಂತ ಮೊದಲೇ ತಲುಪುತ್ತದೆ. ಅಲ್ಲಿ ಅವನಿಗೆ ತಣ್ಣಗಿನ ಮಾಂಸದ ಪೈ ಕೊಡುತ್ತಾರೆ. ಈ ಪದ್ಧತಿಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆದ್ದರಿಂದ ಅದು ಬಹುಕಾಲ ತೊಂದರೆಯಿಲ್ಲದೆ ನಡೆಯಿತು. ಅನಂತರ ಜಿಲ್ಲಾ ಮಂಡಳಿಯು ಅದನ್ನು ಬರೆಯಿತು.

ಗ್ಲೆನಿಸ್ ಟ್ರೆಲೋರ್ ಅವರಿಗೆ ಈ ವಿಷಯ ತಿಳಿದಿರಲಿಲ್ಲ. ಆಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ವಯಸ್ಸು ಎಂಬತ್ತನ್ನು ಸಮೀಪಿಸಿತ್ತು. ಈ ಚಳಿಗಾಲ ಕಳೆದ ಮೇಲೆ ಆಕೆಯ ವಾಹನ ಪರವಾನಗಿಗೆ ತಾವು ಸಹಿ ಹಾಕುವುದಿಲ್ಲವೆಂದು ವೈದ್ಯರು ತಿಳಿಸಿದ್ದರು. ಗ್ಲೆನಿಸ್ ವಾದಿಸಲಿಲ್ಲ. ಕೊನೆಯದಾಗಿ ಒಮ್ಮೆ ಟೂಲಿಗನ್ ಕೊಲ್ಲಿಗೆ ಹೋಗಿ, ಕಡಿದಾದ ಬಂಡೆಯ ಅಂಚಿನ ಜಾಗದಲ್ಲಿ ತಮ್ಮ ಹಸಿರು ಕುರ್ಚಿಯನ್ನು ಹಾಕಿ ಕುಳಿತು, ಕೆಳಗೆ ಮರಿಗಳೊಡನೆ ತೇಲುವ ತಿಮಿಂಗಿಲಗಳನ್ನು ಒಂದು ಸಂಜೆ ನೋಡಿ ಬರುವುದೆಂದು ನಿಶ್ಚಯಿಸಿದರು. ಅಂತಹ ಜಾಗ ಅಲ್ಲಿರುವುದು ಒಂದೇ. ಉಳಿದ ಜಾಗಗಳಿಂದ ಕಾಣುವುದು ಉಪ್ಪುಪೊದೆ ಮತ್ತು ಶೌಚಾಲಯ.

ಹಸಿರು ಕುರ್ಚಿಯು ಕಬ್ಬಿಣದ ಕೊಳವೆಯದು. ಅದರ ಕ್ಯಾನ್ವಾಸು ಹರಿದಲ್ಲೆಲ್ಲ ಗ್ಲೆನಿಸ್ ಗಾಳದ ದಾರದಿಂದ ಹೊಲಿದಿದ್ದರು. ಬೇರೆ ಯಾವ ಕುರ್ಚಿಯಲ್ಲಿಯೂ ಆಕೆಯ ಬೆನ್ನು ಸಮಾಧಾನ ಹೊಂದುತ್ತಿರಲಿಲ್ಲ.

ಗೆಳತಿ ನೋಲೀನ್ ಮತ್ತು ನೋಲೀನ್‌ರ ಪತಿ ಡೆಸ್ ತಮ್ಮ ಕ್ಯಾರವಾನಿನೊಂದಿಗೆ ಗ್ಲೆನಿಸ್ ಅವರ ಕ್ಯಾರವಾನಿನ ಹಿಂದೆ ಬರುತ್ತಿದ್ದರು. ಎರಡೂ ವಾಹನಗಳಲ್ಲಿ ಪರಸ್ಪರ ಮಾತನಾಡುವ ರೇಡಿಯೊ ಇತ್ತು.

“ಗ್ಲೆನ್, ಸ್ವಲ್ಪ ನಿಧಾನ ಹೋಗೇ. ನಿನ್ನ ಕೆಂಧೂಳೆಲ್ಲ ನನ್ನ ಹಲ್ಸೆಟ್ಟಲ್ಲಿದೆ,” ಎಂದರು ಡೆಸ್.

“ಬಾಯಿ ಮುಚ್ಕೊಂಡು ಓಡ್ಸು. ಧೂಳೂ ಹೋಗಲ್ಲ, ಮಾತೂ ಬರಲ್ಲ.”

“ಇನ್ನೊಂದ್ಸಲ ಹೇಳೇ ಗ್ಲೆನಿಸ್,” ಎಂದು ನೋಲೀನ್‌ರ ಧ್ವನಿ ಬಂದಿತು. “ಮದುವೆಯಾದಾಗಿಂದ ನಾನು ಹೇಳ್ತಾನೇ ಇದೀನಿ. ಬೇರೆಯವರು ಹೇಳಿದ್ರೆ ಕೇಳ್ತಾನೇನೋ.”

ಕೊಲ್ಲಿಯ ಕ್ಯಾರವಾನ್ ತಂಗುದಾಣದ ಬಾಗಿಲಿನಲ್ಲಿ ಎರಡೂ ವಾಹನಗಳು ನಿಂತವು. ಒಳಗೆ ಕ್ಯಾರವಾನ್ ಇರಲಿಲ್ಲ, ಗುಡಾರವಿರಲಿಲ್ಲ, ಮನುಷ್ಯರಿರಲಿಲ್ಲ. ಪ್ರತಿಯೊಂದು ಜಾಗದಲ್ಲಿಯೂ ಒಂದೊಂದು ಕುರ್ಚಿಯಿತ್ತು. ಬಾಗಿಲ ಬಳಿ, ಹೊರಗಡೆ, ಇನ್ನಷ್ಟು ಕುರ್ಚಿಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದವು. ಫಲಕವೊಂದರಲ್ಲಿ ಹೀಗೆ ಬರೆದಿತ್ತು:

“ಪ್ರಕಟಣೆ. ಜಿಲ್ಲಾ ಮಂಡಳಿಯ ಆಸನ ಉಪವಿಧಿಯ ಮೇರೆಗೆ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ತಂಗುದಾಣದ ಪ್ರತಿಯೊಂದು ಜಾಗದ ನಿವಾಸಿಯು ಅಲ್ಲಿ ಇರಿಸಲಾದ ಕುರ್ಚಿಯೇ ಆಗಿರತಕ್ಕದ್ದು. ಕ್ಯಾರವಾನ್, ನಾಯಿ ಮತ್ತು ಮನುಷ್ಯರನ್ನು ಕುರ್ಚಿಯ ಪರಿಕರಗಳೆಂದು ಪರಿಗಣಿಸಲಾಗುವುದು. ನಿವಾಸಿಯು ತಾನಾಗಿ ಹೊರಡುವವರೆಗೆ ಅದನ್ನು ತೆರವುಗೊಳಿಸತಕ್ಕದ್ದಲ್ಲ. ಕುರ್ಚಿಗಳಿಗೆ ಆಹಾರ ನೀಡಬಾರದು.”

ತಂಗುದಾಣವನ್ನು ನೋಡಿಕೊಳ್ಳುವ ಲಾಕ್ಲನ್ ಎಂಬ ರೇಂಜರ್ ಬಂದು, ನೊಣಗಳನ್ನು ಅಟ್ಟುತ್ತ, ವಿನಯದಿಂದ ವಿವರಿಸಿದನು. ಹಿಂದಿನ ವರ್ಷ ನಗರದ ಎರಡು ಕುಟುಂಬಗಳು ಅಂಚಿನ ಜಾಗಕ್ಕಾಗಿ ಸಾಸೇಜು ತಿರುವುವ ಇಕ್ಕಳ ಹಿಡಿದು ಹೊಡೆದಾಡಿದ್ದವು. ಮಂಡಳಿಯ ಸಮಿತಿಯು ವಿಚಾರಣೆ ನಡೆಸಿ, ಜಗಳದಲ್ಲಿ ಯಾವ ತಪ್ಪನ್ನೂ ಮಾಡದಿದ್ದವು ಕುರ್ಚಿಗಳು ಮಾತ್ರವೆಂದು ಕಂಡುಕೊಂಡಿತು. ಹಕ್ಕನ್ನು ಅವುಗಳಿಗೇ ವಹಿಸಲಾಯಿತು.

“ಜನ ಎಲ್ಲಪ್ಪಾ?” ಎಂದು ಡೆಸ್ ಕೇಳಿದರು.

“ಮನೇಲಿ. ಕುರ್ಚಿ ಇಟ್ಟು ಹೋದ್ರು. ಜಾಗ ಹೇಗೂ ಇದೆಯಲ್ಲ ಅಂತ ವಾಪಸ್ ಬರ್ಲೇ ಇಲ್ಲ.”

“ಅಂಚಿನ ಜಾಗದಲ್ಲಿ ಆ ಬಿಳಿ ಪ್ಲಾಸ್ಟಿಕ್ಕು ಯಾರದು?”

“ಒಬ್ಬ ಹಲ್ಲಿನ ಡಾಕ್ಟರದು. ಬಹಳ ಸಭ್ಯ ಕುರ್ಚಿ. ಒಂದಿನಾನೂ ಒಂದು ಮಾತಿಲ್ಲ.”

ವಸ್ತುತಃ ಮಂಡಳಿಯು ಹೊಸ ವ್ಯವಸ್ಥೆಯಿಂದ ಸಂತುಷ್ಟವಾಗಿತ್ತು. ಅಧ್ಯಕ್ಷೆ ಪ್ರೂ ಬ್ಯಾಸೆಟ್ ಅವರು ತಮ್ಮ ವಾರ್ಷಿಕ ಭಾಷಣದಲ್ಲಿ, ತಂಗುದಾಣವು ಇತಿಹಾಸದಲ್ಲಿ ಮೊದಲ ಬಾರಿಗೆ ಚಳಿಗಾಲವಿಡೀ ಭರ್ತಿಯಾಗಿದೆಯೆಂದೂ, ಈ ಸಲದ ಪ್ರವಾಸಿಗರು ಕಸ ಹಾಕುವುದಿಲ್ಲ, ನೀರು ಕೇಳುವುದಿಲ್ಲ, ಬೆಂಕಿ ಹಚ್ಚುವುದಿಲ್ಲವೆಂದೂ ಹೇಳಿದ್ದರು. ಶೌಚಾಲಯಗಳನ್ನು ಬಳಸುವವರಿಲ್ಲದ ಕಾರಣ ಅವುಗಳಿಗೆ ಬೀಗ ಹಾಕಲಾಗಿತ್ತು. ಶುಚಿತ್ವಕ್ಕಾಗಿ ಅವುಗಳಿಗೆ ಬಹುಮಾನವೂ ಬಂದಿತ್ತು.

“ನನಗೆ ಒಂದು ಸಂಜೆ ಸಾಕು,” ಎಂದರು ಗ್ಲೆನಿಸ್.

“ಕುರ್ಚೀನ ಸರದೀಲಿ ಇಡಿ, ಗ್ಲೆನಿಸ್. ನೀವು ನಿಲ್ಬೇಕಾಗಿಲ್ಲ. ಅದು ನಿಂತ್ರೆ ಸಾಕು.”

ಹಸಿರು ಕುರ್ಚಿಯನ್ನು ಸರದಿಯ ಕೊನೆಗೆ ಇಡಲಾಯಿತು. ಡೆಸ್ ಮತ್ತು ನೋಲೀನ್‌ರ ಕುರ್ಚಿಗಳನ್ನು ಅದರ ಹಿಂದೆ. ರಾತ್ರಿಯ ಬೆಂಕಿಗೆಂದು ಸೌದೆ ಹೊತ್ತು ತಂದು ದಣಿದಿದ್ದ ಡೆಸ್ ಅಭ್ಯಾಸಬಲದಿಂದ ತಮ್ಮ ಕುರ್ಚಿಯಲ್ಲಿ ಕುಳಿತುಬಿಟ್ಟರು. ಲಾಕ್ಲನ್ ಓಡಿ ಬಂದನು.

“ಏಳಿ, ಏಳಿ! ಕೂತ್ರೆ ಅದು ನಿವಾಸಿ ಅಲ್ಲ, ಬರೀ ಪೀಠೋಪಕರಣ.”

“ಕುರ್ಚಿ ಇರೋದು ಮತ್ಯಾಕಯ್ಯಾ?”

“ಯೋಚ್ನೆ ಮಾಡಿ. ಖಾಲಿ ಕುರ್ಚಿ ಅಂದ್ರೆ ಯಾರೋ ಇದಾರೆ ಅಂತ. ಕೂತ ಕುರ್ಚಿ ಅಂದ್ರೆ ಯಾರೋ ಕೂತಿದಾರೆ ಅಂತ, ಅಷ್ಟೆ. ಜಾಗ ಹಿಡಿಯೋರು ಯಾರು ಆಗ?”

ಡೆಸ್ ಯೋಚಿಸಿದರು. ಅದರಲ್ಲಿ ತಪ್ಪು ಹುಡುಕಲು ಅವರಿಂದಾಗಲಿಲ್ಲ. ಅವರು ಏಳುವಷ್ಟರಲ್ಲಿ ನಗರದಿಂದ ಲಾರಿಯೊಂದು ಬಂದು, ಸರಪಳಿಯಿಂದ ಒಂದಕ್ಕೊಂದು ಬಿಗಿದ ನೀಲಿ ಕುರ್ಚಿಗಳ ಉದ್ದನೆಯ ಸಾಲನ್ನು ಇಳಿಸಿತು. ಅವು ಅಧ್ಯಕ್ಷೆಯ ಅಳಿಯನ ಸಂಸ್ಥೆಗೆ ಸೇರಿದವು. ಪ್ರವಾಸಕ್ಕೆ ಬಿಡುವಿಲ್ಲದ ನಗರವಾಸಿಗಳ ಪರವಾಗಿ ಕುರ್ಚಿಗಳನ್ನು ಕಳುಹಿಸಿ, ಅವು ಸಮುದ್ರ ನೋಡುತ್ತಿರುವ ಚಿತ್ರವನ್ನು ಗಿರಾಕಿಗಳಿಗೆ ತಲುಪಿಸುವುದು ಆ ಸಂಸ್ಥೆಯ ಸೇವೆ. ಕುಳಿತುಬಿಟ್ಟ ದೋಷದಿಂದ ಡೆಸ್‌ರ ಕುರ್ಚಿಯು ನೀಲಿಯವೆಲ್ಲದರ ಹಿಂದಕ್ಕೆ ಹೋಯಿತು. ನೋಲೀನ್ ತಮ್ಮದನ್ನೂ ಎತ್ತಿಕೊಂಡು ಅದರ ಪಕ್ಕಕ್ಕೆ ಹೋದರು.

“ನೀನ್ಯಾಕೆ ಬಂದೆ?” ಎಂದರು ಡೆಸ್.

“ನಿನ್ನ ಕುರ್ಚಿ ಒಂದೇ ಇದ್ರೆ ಅಕ್ಕಪಕ್ಕದ್ದನ್ನೆಲ್ಲ ಮಾತಾಡಿಸುತ್ತೆ.”

ಮೂವರೂ ರಸ್ತೆಯಾಚೆಯ ಜಲ್ಲಿಗುಂಡಿಯಲ್ಲಿ ಬೀಡುಬಿಟ್ಟರು. ಅಲ್ಲಿಂದ ಸಮುದ್ರ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ವಾರ ಕಳೆಯಿತು, ಮತ್ತೊಂದು ಹಿಡಿಯಿತು. ಮೀನು ಹಿಡಿಯಲು ಬಂದವರು ಮರಿಗಳು ಬಲಿತಿವೆಯೆಂದೂ, ತಾಯಂದಿರು ಇನ್ನೇನು ದಕ್ಷಿಣಕ್ಕೆ ಹೊರಡುವರೆಂದೂ ಹೇಳಿದರು. ಗ್ಲೆನಿಸ್ ದಿನವೂ ಬೆಳಿಗ್ಗೆ ಸರದಿಯ ಬಳಿಗೆ ಹೋಗಿ ಕುರ್ಚಿಯ ಧೂಳು ಒರೆಸಿ ಬರುತ್ತಿದ್ದರು. ಸರದಿಯು ಚಲಿಸುತ್ತಿರಲಿಲ್ಲ. ಸ್ವ-ಇಚ್ಛೆಯಿಂದ ಹೊರಡುವ ಲಕ್ಷಣವನ್ನು ಒಳಗಿನ ಯಾವ ಕುರ್ಚಿಯೂ ತೋರಲಿಲ್ಲ.

“ಆ ಬಿಳೀದನ್ನ ಒಂದ್ಸಲ ಒದ್ದು ಬರ್ಲಾ?” ಎಂದು ಡೆಸ್ ಕೇಳಿದರು.

“ಬೇಡ,” ಎಂದರು ಗ್ಲೆನಿಸ್. “ಈ ಕರಾವಳೀಲಿ ಇನ್ನೊಬ್ಬರ ಕುರ್ಚಿ ಮುಟ್ಟಿದೋಳು ಅನ್ನಿಸ್ಕೊಂಡು ನಾನು ಮನೆಗೆ ಹೋಗಲ್ಲ.”

ಅನಂತರ ಮರುಭೂಮಿಯ ಕಡೆಯಿಂದ ಉತ್ತರದ ಗಾಳಿ ಎದ್ದಿತು. ಬಿಳಿ ಪ್ಲಾಸ್ಟಿಕ್ ಕುರ್ಚಿಯು ಸ್ವಲ್ಪ ಹೊತ್ತು ತಡೆದು, ಬೆನ್ನು ಬಾಗಿಸಿ, ಅಂಚಿನಾಚೆಗೆ ಹೊರಟುಹೋಯಿತು. ಸರದಿಯ ಮುಂಭಾಗದಲ್ಲಿದ್ದ ಹಗುರವಾದ ಕುರ್ಚಿಗಳು ಉಪ್ಪುಪೊದೆಗಳ ಮೇಲೆ ಚದುರಿದವು. ನಿಂತಲ್ಲಿಯೇ ನಿಂತದ್ದು ಕಬ್ಬಿಣದ ಹಸಿರು ಕುರ್ಚಿ. ಅದರ ಹಿಂದೆ, ಸರಪಳಿಯ ಬಲದಿಂದ, ನೀಲಿಯವು; ಅವುಗಳ ಮರೆಯಲ್ಲಿ ಡೆಸ್ ಮತ್ತು ನೋಲೀನ್‌ರವು.

ಮಂಡಳಿಯು ತುರ್ತು ಸಭೆ ಸೇರಿತು. ಬಿಳಿ ಕುರ್ಚಿಯ ನಿರ್ಗಮನವು ಸ್ವ-ಇಚ್ಛೆಯದೆಂದು ತೀರ್ಮಾನಿಸಿ, ಅದರ ದೀರ್ಘಕಾಲದ ಸದ್ವರ್ತನೆಯನ್ನು ಸ್ಮರಿಸಿ, ಸದಸ್ಯರು ಎದ್ದು ನಿಂತರು. ಅಂಚಿನ ಜಾಗವು ಹಸಿರು ಕುರ್ಚಿಗೆ ಮಂಜೂರಾಯಿತು.

ಲಾಕ್ಲನ್ ಕುರ್ಚಿಯನ್ನು ಎರಡೂ ಕೈಗಳಿಂದ ಎತ್ತಿ ಒಯ್ದು ಬಂಡೆಯ ಅಂಚಿನಲ್ಲಿ ಇರಿಸಿದನು. ಗ್ಲೆನಿಸ್, ನೋಲೀನ್ ಮತ್ತು ಡೆಸ್ ಪರಿಕರಗಳ ಚೀಟಿಯನ್ನು ಎದೆಗೆ ಸಿಕ್ಕಿಸಿಕೊಂಡು ಹಿಂಬಾಲಿಸಿದರು. ಅಧ್ಯಕ್ಷೆಯ ಅಳಿಯ ಬಾಗಿಲಿನಲ್ಲಿ ತನ್ನ ಮೊದಲನೆಯ ನೀಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಕಾಯುತ್ತಿದ್ದನು.

ಗಾಳಿ ನಿಂತಿತ್ತು. ಕೆಳಗೆ ನೀರು ಗಾಜಿನಂತಿತ್ತು. ಒಂದು ತಾಯಿ, ಅದರ ಪಕ್ಕಕ್ಕೆ ಒರಗಿದ ಒಂದು ಮರಿ, ಇನ್ನೂ ಅಲ್ಲಿಯೇ ಇದ್ದವು. ಗ್ಲೆನಿಸ್ ತಿರುಗಿ, ಬೆನ್ನನ್ನು ಕುರ್ಚಿಗೆ ಮಾಡಿ, ಮೊಣಕಾಲು ಬಾಗಿಸಿದರು.

“ಗ್ಲೆನಿಸ್,” ಎಂದನು ಲಾಕ್ಲನ್, ಮೆಲ್ಲಗೆ.

ಆಕೆ ಬಾಗಿದ ಮೊಣಕಾಲಿನಲ್ಲಿಯೇ ನಿಂತರು.

“ನೀವು ಕೂತ್ರೆ ಅದು ಪೀಠೋಪಕರಣ. ಜಾಗ ಖಾಲಿ. ಮುಂದಿನ ಸರದಿ ಅವರದು.” ಅವನು ಬಾಗಿಲ ಕಡೆಗೆ ನೋಡಿದನು. “ಆಮೇಲೆ ಅವು ಏಳಲ್ಲ. ಸರಪಳಿ ಇದೆ.”

“ಕೂತ್ಬಿಡೇ,” ಎಂದರು ನೋಲೀನ್. “ಒಂದ್ನಿಮಿಷ ಆದ್ರೂ ಕೂತ್ಕೋ. ಅದಕ್ಕೇ ತಾನೇ ಬಂದಿದ್ದು.”

“ಕೂತೆ ಅಂತಿಟ್ಕೋ. ಎದ್ದ ಮೇಲೆ?”

ಅಳಿಯನು ಸರಪಳಿಯನ್ನು ಸ್ವಲ್ಪ ಸಡಿಲಿಸಿದನು. ಆ ಸದ್ದು ಬಂಡೆಯ ಅಂಚಿನವರೆಗೆ ಕೇಳಿಸಿತು.

ಗ್ಲೆನಿಸ್ ಮೊಣಕಾಲನ್ನು ನೇರ ಮಾಡಿದರು. ಕುರ್ಚಿಯ ಪಕ್ಕದಲ್ಲಿ, ಬರಿ ಜಲ್ಲಿಯ ಮೇಲೆ, ಹಂತಹಂತವಾಗಿ ಇಳಿದು ಕುಳಿತರು. ಕುರ್ಚಿಯ ತೋಳನ್ನು ಹಿಡಿಯುವುದು ಬಳಕೆಯೆನಿಸುತ್ತಿದ್ದ ಕಾರಣ ಡೆಸ್‌ರ ಕಿವಿಯನ್ನು ಹಿಡಿದರು.

“ಅಯ್ಯೋ, ಅದೊಂದೇ ಕೇಳ್ಸೋ ಕಿವಿ ಕಣೇ!”

ಅಷ್ಟು ತಗ್ಗಿನಿಂದ ಮರಿ ಕಾಣುತ್ತಿರಲಿಲ್ಲ. ತಾಯಿಯ ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಲಾಕ್ಲನ್‌ನ ಅನುಮತಿ ಪಡೆದು ಗ್ಲೆನಿಸ್ ಕುರ್ಚಿಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರು.

“ಈಗ ಅದಕ್ಕೆ ಕಾಣುತ್ತೆ,” ಎಂದರು.

ಸಂಜೆ ನೋಲೀನ್ ಲೋಟಗಳಿಗೆ ಶೆರ್ರಿ ವೈನ್ ಸುರಿದರು. ಮೊದಲನೆಯ ಲೋಟವನ್ನು ಕುರ್ಚಿಯ ಮುಂದೆ ಇಡಲಾಯಿತು. ಆಹಾರ ನೀಡಬಾರದೆಂಬ ನಿಯಮವು ಪಾನೀಯಕ್ಕೆ ಅನ್ವಯಿಸುವುದಿಲ್ಲವೆಂದು ಲಾಕ್ಲನ್ ಅಭಿಪ್ರಾಯಪಟ್ಟನು.

ಮರುದಿನ ಅವರು ಊರಿಗೆ ಹೊರಟರು. ಹಸಿರು ಕುರ್ಚಿಯು ಹೊರಡಲಿಲ್ಲ; ಅದು ಅಲ್ಲಿಯ ನಿವಾಸಿಯಾಗಿತ್ತು. ವೈದ್ಯರು ಹೇಳಿದಂತೆಯೇ ಪರವಾನಗಿಗೆ ಸಹಿ ಹಾಕಲಿಲ್ಲ. ಗ್ಲೆನಿಸ್ ಕ್ಯಾರವಾನನ್ನು ಮಾರಿದರು. ಮುಂದಿನ ಚಳಿಗಾಲದಲ್ಲಿ ಲಾಕ್ಲನ್ ದೂರವಾಣಿಯಲ್ಲಿ ಮಾತನಾಡಿ, ಕುರ್ಚಿಯು ಕ್ಷೇಮವಾಗಿದೆಯೆಂದೂ, ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲವೆಂದೂ, ತಿಮಿಂಗಿಲಗಳು ಬಂದಿವೆಯೆಂದೂ ತಿಳಿಸಿದನು. ಅಧ್ಯಕ್ಷೆಯು ಆ ಕುರ್ಚಿಯನ್ನು ಕೊಲ್ಲಿಯ ಮಾದರಿ ಪ್ರವಾಸಿಯೆಂದು ಘೋಷಿಸಿದರು. ನೀಲಿ ಕುರ್ಚಿಗಳು ಬಾಗಿಲಿನಲ್ಲಿಯೇ ಇದ್ದವು. ಅಳಿಯನು ಅವು ಸರದಿ ಕಾಯುತ್ತಿರುವ ಚಿತ್ರವನ್ನು ಗಿರಾಕಿಗಳಿಗೆ ಕಳುಹಿಸುತ್ತಿದ್ದನು, ಮತ್ತು ಗಿರಾಕಿಗಳು ತೃಪ್ತರಾಗಿದ್ದರು.

ಆ ದಿನಗಳಲ್ಲಿ ಒಂದು ಸಂಜೆ, ಶೆರ್ರಿಯ ಹೊತ್ತಿಗೆ, ನೋಲೀನ್ ಮತ್ತು ಡೆಸ್ ಗ್ಲೆನಿಸ್ ಅವರ ಮನೆಗೆ ಬಂದರು. ಗ್ಲೆನಿಸ್ ಅಡುಗೆಮನೆಯ ಕಿಟಕಿಯ ಬಳಿ ಲೋಟ ಹಿಡಿದು ನಿಂತಿದ್ದರು.

“ಯಾಕೆ ನಿಂತಿದೀಯ? ಕೂತ್ಕೋ ಮಾರಾಯ್ತಿ,” ಎಂದರು ನೋಲೀನ್.

“ಕೂತಿದೀನಲ್ಲ.”

ನೋಲೀನ್ ಒಂದು ಕ್ಷಣ ಆಲೋಚಿಸಿದರು.

“ಹೌದಲ್ವಾ, ಮರ್ತೇಹೋಗಿತ್ತು. ಗಾಳಿ ಹೇಗಿದೆ ಅಲ್ಲಿ?”

“ಉತ್ತರದ್ದು. ಪರವಾಗಿಲ್ಲ, ತಡ್ಕೋಬಹುದು.”

“ಮರಿ?”

“ಕಾಣ್ತಿದೆ,” ಎಂದರು ಗ್ಲೆನಿಸ್, ಎದುರುಮನೆಯ ಗೋಡೆಯನ್ನು ನೋಡುತ್ತ.

ಕುರ್ಚಿಗಳು ಸುತ್ತಲೂ ಇದ್ದವು. ನೋಲೀನ್ ಮತ್ತು ಡೆಸ್ ಅವುಗಳಲ್ಲಿ ಕೂರಲಿಲ್ಲ. ಅವರ ಕುರ್ಚಿಗಳು ಇನ್ನೂ ಟೂಲಿಗನ್ ಕೊಲ್ಲಿಯ ಸರದಿಯಲ್ಲಿ, ನೀಲಿಯವುಗಳ ಹಿಂದೆ ಇದ್ದವು; ಆದ್ದರಿಂದ ಅವರಿಬ್ಬರೂ ಗ್ಲೆನಿಸ್ ಅವರಿಂದ ಸಾಕಷ್ಟು ಅಂತರ ಬಿಟ್ಟು, ಬಾಗಿಲಿನ ಹತ್ತಿರ, ಒಬ್ಬರ ಹಿಂದೆ ಒಬ್ಬರು ನಿಂತುಕೊಂಡರು.