ನಮ್ಮನೆಯವರ ಮುದ್ದೆ

ಹೆಂಗಸರು ಗಂಡನನ್ನು ‘ನಮ್ಮನೆಯವರು’ ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಬೆಳಿಗ್ಗೆ ಪೀಣ್ಯಕ್ಕೆ ಹೋಗಿ ಲೇತ್ ಮುಂದೆ ನಿಂತು, ಸಂಜೆ ಟಿ. ದಾಸರಹಳ್ಳಿಯ ಟೀ ಅಂಗಡಿಯಲ್ಲಿ ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸಿ, ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದ ನಾನು ಯಾವ ಸೀಮೆಯ ಮನೆಯವನು? ಮನೆಗೂ ನನಗೂ ಇದ್ದದ್ದು ಬರೀ ತಟ್ಟೆಯ ಸಂಬಂಧ.

ಹೀಗಿರುವಾಗ ನನ್ನ ಹೆಂಡತಿ ಸುಜಾತಳಿಗೆ ಅವಳ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗುವ ಯೋಗ ಬಂತು. ಅಲ್ಲಿ ಅವಳದು ತಯಾರಾದ ಮಾಲನ್ನು ಪರೀಕ್ಷಿಸಿ ಪಾಸು, ಫೇಲು ಮಾಡುವ ಕೆಲಸ. ಆದರೆ ಇನ್ನು ಮುಂದೆ ಸೆಕೆಂಡ್ ಶಿಫ್ಟಿಗೆ ಬರಬೇಕೆಂದರು. ಅಂದರೆ ರಾತ್ರಿ ಊಟದ ಹೊತ್ತಿಗೆ ಅವಳಿರುವುದಿಲ್ಲ. ನಮ್ಮವ್ವ ಮುದ್ದೆ ಉಣ್ಣದೆ ಮಲಗಿದವಳಲ್ಲ; ಕೈಗೆ ವಾತ ಹಿಡಿದ ಮೇಲೆ ಹಿಟ್ಟು ತಿರುವುವುದು ಅವಳಿಂದ ಆಗದು. “ಮುದ್ದೆ ಯಾರ್ ಮಾಡಾರು? ಆ ಕೆಲ್ಸ ಬ್ಯಾಡ ಅಂದ್ಬುಡು,” ಎಂದು ಅವ್ವ ತೀರ್ಪು ಕೊಟ್ಟಳು. ಸುಜಾತ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು. ಅವಳ ಬಾಡಿದ ಮುಖ ನೋಡಿ, “ನಾನ್ ಮಾಡ್ತೀನಿ ಬಿಡವ್ವ,” ಎಂದುಬಿಟ್ಟೆ.

ಅವ್ವ ನಕ್ಕಳು. “ಬಾನುವಾರ ಮಾಡಿಕ್ಕು ನೋಡಾನ. ಗಂಟಾದ್ರೆ ಇವ್ಳು ಓಗಂಗಿಲ್ಲ.”

ಶನಿವಾರ ಅಭ್ಯಾಸಕ್ಕೆ ನಿಂತೆ. ಎಸರು ಕುದಿಯಿತು, ರಾಗಿ ಹಿಟ್ಟು ಸುರಿದೆ, ಸುರಿದದ್ದೇ ತಡ ಕೋಲು ಹಾಕಿ ಗರಗರ ತಿರುವಿದೆ. ಆಗಿದ್ದು ಗಂಟುಗಳ ಮೂಟೆ. ಸುಜಾತ ಬೆರಳಲ್ಲಿ ಒತ್ತಿ ನೋಡಿ, “ರಿಜೆಕ್ಟ್,” ಎಂದಳು.

“ರೀವರ್ಕ್ ಮಾಡ್ಲಾ?”

“ಆಗಲ್ಲ ಕಣ್ರೀ, ಸ್ಕ್ರ್ಯಾಪು. ಹಿಟ್ಟು ಹಾಕಿದ್ಮೇಲೆ ಅದು ಬೇಯೋವರ್ಗೂ ಮುಟ್ಬಾರ್ದು. ಸುಮ್ನೆ ಕೈಕಟ್ಕೊಂಡು ನಿಂತ್ಕೋಬೇಕು.”

ಮದುವೆಯಾದಾಗಿನಿಂದ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿಕೊಂಡೇ ನಿಂತವನು ನಾನು. ನಿಜವಾಗಿ ಕೈಕಟ್ಟಬೇಕಾದ ಒಂದೇ ಒಂದು ಗಳಿಗೆಯಲ್ಲಿ ಕೈ ಹಾಕಿ ಕೆಡಿಸಿದ್ದೆ.

ಭಾನುವಾರ ಕೈಗಳನ್ನು ಕಂಕುಳಲ್ಲಿ ಬಂಧಿಸಿ ನಿಂತೆ. ಹಿಟ್ಟು ಕೊತಕೊತ ಬೆಂದಿತು. ಆಮೇಲೆ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಉಪ್ಸಾರಿನ ಜೊತೆ ಅವ್ವನ ಮುಂದಿಟ್ಟೆ. ಸುಜಾತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಅವ್ವ ಮುರಿದಳು, ಅದುಮಿದಳು, ಗಂಟಿಗಾಗಿ ಹುಡುಕಿದಳು, ನುಂಗಿದಳು.

“ಇನ್ನೊಂದಿಕ್ಕು,” ಎಂದಳು.

ಅದನ್ನೂ ಮುಗಿಸಿ ಸೊಸೆಯ ಕಡೆ ತಿರುಗಿದಳು. “ನೀನ್ ಓಗ್ ಮಗ ಕೆಲ್ಸಕ್ಕೆ. ನೀನ್ ಮನೇಲಿದ್ರೂ ಇನ್ಮ್ಯಾಕೆ ಇವ್ನೇ ಮಾಡ್ಲಿ. ನಿನ್ ಮುದ್ದೆ ವಸಿ ಗಟ್ಟಿ.”

ಗೆದ್ದೆವು. ಸುಜಾತಳ ನಗು ನೋಡಿ ನನಗೂ ಹಿಗ್ಗೋ ಹಿಗ್ಗು. ಅವ್ವನ ಮಾತಿನ ಕೊನೆಯ ಭಾಗ ಒಬ್ಬ ಗಂಡಸಿಗೆ ಕೊಟ್ಟ ಜೀವಾವಧಿ ಶಿಕ್ಷೆ ಎನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಮೊನ್ನೆ ರಜೆಯ ದಿನ ಟೀ ಅಂಗಡಿಯ ಗೆಳೆಯ ನನ್ನನ್ನು ಕರೆಯಲು ಫೋನ್ ಮಾಡಿದ. ಎತ್ತಿದ್ದು ಸೂಪರ್‌ವೈಸರ್. “ನಮ್ಮನೆಯವ್ರು ಮನೇಲೇ ಇದಾರೆ ಅಣ್ಣ,” ಎಂದಳು. “ಹಿಟ್ಟು ಬೇಯ್ತಿದೆ, ಕೈಕಟ್ಕೊಂಡು ನಿಂತಿದಾರೆ.”